ಕಾರ್ಖಾನೆಯ ಬಾಗಿಲಲ್ಲಿ ಮೆಕ್ಯಾನಿಕಲ್ ಪದವೀಧರ

1940ರಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯೂ 1953ರಲ್ಲಿ ಎಚ್.ಎಂ.ಟಿ.ಯೂ ಬೆಂಗಳೂರಿನಲ್ಲಿ ಸ್ಥಾಪಿತವಾದ ತರುವಾಯ, ಮಗನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದನೆಂದರೆ ಮನೆಯವರು ಅವನ ಜೀವನೋಪಾಯದ ಚಿಂತೆಯನ್ನು ಬಿಟ್ಟು ಹೆಣ್ಣು ಹುಡುಕುವ ಚಿಂತೆಗೆ ತೊಡಗುತ್ತಿದ್ದ ಕಾಲವೊಂದಿತ್ತು. ಎಚ್.ಎಂ.ಟಿ.ಯ ಕೈಗಡಿಯಾರದ ಕಂಪೆನಿಯನ್ನು ಮುಚ್ಚಲು ಕೇಂದ್ರ ಸಂಪುಟವು 2016ರಲ್ಲಿ ಒಪ್ಪಿಗೆಯಿತ್ತದ್ದು ಆ ಭರವಸೆಗೆ ಬಿದ್ದ ಮೊದಲ ಪೆಟ್ಟೇನಲ್ಲ. ಅದಕ್ಕೂ ಎಷ್ಟೋ ಮೊದಲೇ ಕಾಲೇಜುಗಳಿಗೆ ಬಂದ ಸಾಫ್ಟ್‌ವೇರ್ ಕಂಪೆನಿಗಳು, ಮೆಕ್ಯಾನಿಕಲ್ಲು ಸಿವಿಲ್ಲು ಎಂಬ ಭೇದವೆಣಿಸದೆ, ಹುಡುಗರನ್ನು ಗುಂಪುಗುಂಪಾಗಿ ಕರೆದೊಯ್ಯತೊಡಗಿದ್ದವು.

ಇಷ್ಟರಿಂದಲೇ ಈ ವಿದ್ಯೆಗೆ ಭವಿಷ್ಯವಿಲ್ಲವೆನ್ನುವುದು ಅವಸರದ ತೀರ್ಮಾನ. ಪೀಣ್ಯದ ಯಂತ್ರಶಾಲೆಗಳೂ ಬೆಳಗಾವಿಯ ಫೌಂಡ್ರಿಗಳೂ ಇಂದಿಗೂ ದುಡಿಯುತ್ತಿವೆ; ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯೊಂದು ಉದ್ಘಾಟನೆಗೊಂಡಿದೆ. ವಿದ್ಯುತ್ ವಾಹನವು ಪಿಸ್ಟನ್ನನ್ನೂ ಕ್ಲಚ್ಚನ್ನೂ ಕಿತ್ತೊಗೆದಿರುವುದು ನಿಜವೇ ಆದರೂ, ಬ್ಯಾಟರಿಯ ಶಾಖವನ್ನು ಹೊರಗೊಯ್ಯುವ ಸಮಸ್ಯೆಯನ್ನು ಅದೇ ವಾಹನವು ಮೆಕ್ಯಾನಿಕಲ್‌ನವನ ಮುಂದೆಯೇ ತಂದಿರಿಸಿದೆ.

ಕೊರತೆಯಿರುವುದು ಬೇರೆಡೆ. ಸಿಎನ್‌ಸಿ ಯಂತ್ರದಿಂದ ಆಗತಾನೇ ಇಳಿಸಿದ, ನೂರು ಮಿಲಿಮೀಟರ್ ವ್ಯಾಸದ ಉಕ್ಕಿನ ಶಾಫ್ಟೊಂದು, ಅಳತೆಗೆ ಗೊತ್ತುಪಡಿಸಿದ 20 ಡಿಗ್ರಿ ಸೆಲ್ಸಿಯಸ್‌ಗಿಂತ ಹತ್ತು ಡಿಗ್ರಿ ಬಿಸಿಯಾಗಿದ್ದರೆ ಹನ್ನೊಂದು ಹನ್ನೆರಡು ಮೈಕ್ರಾನಿನಷ್ಟು ಹಿಗ್ಗಿರುತ್ತದೆ. ಡ್ರಾಯಿಂಗಿನಲ್ಲಿ ಕೊಟ್ಟ ಟಾಲರೆನ್ಸೇ ಇಪ್ಪತ್ತೆರಡು ಮೈಕ್ರಾನ್ ಆದಲ್ಲಿ, ಅದರ ಅರ್ಧವು ಬರಿಯ ಬಿಸಿಗೇ ಖರ್ಚಾಯಿತು. ಬಿಸಿಯಲ್ಲಿ ಮೈಕ್ರೋಮೀಟರ್ ಹಿಡಿದು ಸರಿಯಿದೆಯೆಂದು ಪಾಸು ಮಾಡಿದ ಜಾಬು ತಣಿದ ಮೇಲೆ ಅಂಡರ್‌ಸೈಜಾಗಿ ರಿಜೆಕ್ಷನ್ನಿಗೆ ಬೀಳುವುದುಂಟು. ಎಸ್ಸೆಸ್ಸೆಲ್ಸಿ ದಾಟದ ಹಳೆಯ ಆಪರೇಟರನು ಅದನ್ನು ಸರ್ಫೇಸ್ ಪ್ಲೇಟಿನ ಮೇಲಿಟ್ಟು ಸುಮ್ಮನೆ ಕಾಯುತ್ತಾನೆ. ಉಷ್ಣವಿಸ್ತರಣ ಗುಣಾಂಕದ ಲೆಕ್ಕಗಳನ್ನು ಪುಟಗಟ್ಟಲೆ ಬಿಡಿಸಿ ಅಂಕ ಗಳಿಸಿ ಬಂದ ಪದವೀಧರನಿಗಾದರೋ, ಆ ಗುಣಾಂಕವೇ ತನ್ನೆದುರಿಗೆ ಆವಿಯಾಡುತ್ತಿದೆಯೆಂಬುದು ಹೊಳೆಯುವುದಿಲ್ಲ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜಿಟಿಟಿಸಿ ಎಂಬ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಡಿಪ್ಲೊಮಾ ಹುಡುಗರನ್ನು ಕಾರ್ಖಾನೆಗಳು ಆದರದಿಂದ ಬರಮಾಡಿಕೊಳ್ಳುವುದಕ್ಕೆ, ಅವರ ಕೈಗೆ ಎಣ್ಣೆ ಹತ್ತಿರುವುದಲ್ಲದೆ ಬೇರೆ ಕಾರಣವಿಲ್ಲ. ಪದವಿ ಕಾಲೇಜುಗಳ ಇಂಟರ್ನ್‌ಷಿಪ್ ಎಂಬುದಂತೂ ಅನೇಕ ಕಡೆ ಮೊಹರು ಬಿದ್ದ ಪ್ರಮಾಣಪತ್ರದಲ್ಲಿಯೇ ಪರ್ಯವಸಾನ ಹೊಂದುತ್ತದೆ.

ಆದರೆ ದೋಷವನ್ನೆಲ್ಲ ಹುಡುಗನ ಮೇಲೂ ಕಾಲೇಜಿನ ಮೇಲೂ ಹೊರಿಸಿ ಕೈತೊಳೆದುಕೊಳ್ಳಲು ನನಗೆ ಮನಸ್ಸೊಪ್ಪದು. ಟ್ರೈನಿ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಇಟ್ಟುಕೊಂಡು, ಬಾಡಿಗೆಗೂ ಮೆಸ್ಸಿಗೂ ಸಾಲದ ಸಂಬಳವನ್ನಿತ್ತು, ಕೆಲಸ ಕಲಿತೊಡನೆಯೇ ಬಿಟ್ಟುಹೋದನೆಂದು ದೂರುವ ಮಾಲೀಕರಿದ್ದಾರಷ್ಟೆ. ಇಂಥವರು ಹೊಸ ಯಂತ್ರಕ್ಕೆ ಕೋಟಿ ಸುರಿಯುವಾಗ ಬ್ಯಾಂಕಿನ ಮುಂದೆ ಸವಕಳಿಯ ಲೆಕ್ಕವನ್ನು ಏಳೆಂಟು ವರ್ಷಕ್ಕೆ ಬರೆದುಕೊಡುತ್ತಾರೆ, ಅದನ್ನು ನಡೆಸಬೇಕಾದ ಎಂಜಿನಿಯರನ ಸಂಬಳದ ಲೆಕ್ಕವನ್ನು ಮಾತ್ರ ಮುಂದಿನ ವರ್ಷಕ್ಕೂ ಬರೆಯಲೊಲ್ಲರು.