ಹೊಲಿಗೆ ಹಾಕಿದ್ದಾಯಿತು, ಮಾತು ಯಾರು ಕಲಿಸುತ್ತಾರೆ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ಸೀಳುತುಟಿ ಶಿಬಿರ ನಡೆದರೆ ನಾವು ಬ್ಯಾನರ್ ಎದುರು ಫೋಟೋ ತೆಗೆದು ಸುದ್ದಿ ಕಳಿಸುತ್ತೇವೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಶಿಬಿರದವರದ್ದೂ ಹೆಚ್ಚಾಗಿ ಅಷ್ಟೇ.

ಆಪರೇಷನ್‌ಗೆ ಈಗ ದಾರಿಯಿದೆ. ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ಆಸ್ಪತ್ರೆಯಲ್ಲಿ ಉಚಿತವಾಗಿ ಮಾಡುತ್ತಾರೆ. 2013ರಲ್ಲಿ ಶುರುವಾದ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲೂ ಇದು ಸೇರಿದೆ. ತುಟಿ ಹೊಲಿದರೆ ಮುಖ ಸರಿಯಾಯಿತು. ಮಾತು? ಅಂಗುಳ ಸೀಳಿದ್ದ ಮಗುವಿಗೆ ಹೊಲಿದ ಮೇಲೂ ಗಾಳಿ ಮೂಗಿಗೆ ನುಗ್ಗಬಹುದು. ಮ, ನ ಬರುತ್ತದೆ. ಪ, ಬ, ಕ ಬರುವುದಿಲ್ಲ. ತುಳು ಮನೆಯ ಮಗು ಅಪ್ಪನನ್ನು 'ಅಮ್ಮೆ' ಎಂದು ಕರೆದೀತು. ತಾಯಿಯನ್ನು 'ಅಪ್ಪೆ' ಎನ್ನುವುದೇ ಕಷ್ಟ. ಇದನ್ನು ತಿದ್ದಲು ತಿಂಗಳುಗಟ್ಟಲೆ ಸ್ಪೀಚ್ ಥೆರಪಿ ಬೇಕು, ಅದೂ ಮನೆಮಾತಿನಲ್ಲಿ.

ಬೀಡಿ ಕಟ್ಟುವ ತಾಯಿ ವಾರವಾರ ಮಂಗಳೂರಿಗೆ ಹೋದರೆ ಬಸ್ ಚಾರ್ಜೂ ಹೋಯಿತು, ಅವತ್ತಿನ ಬೀಡಿಯೂ ಹೋಯಿತು. ನಾಲ್ಕು ಸಲ ಹೋಗಿ ನಿಲ್ಲಿಸಿದರೆ 'ಪೋಷಕರ ನಿರ್ಲಕ್ಷ್ಯ' ಅನ್ನುತ್ತಾರೆ. ಯಾರ ನಿರ್ಲಕ್ಷ್ಯ ಮಾರಾಯ್ರೆ?

ಮೂರೂ ತಾಲೂಕಿನ ಸರ್ಕಾರಿ ಆಸ್ಪತ್ರೆಗೆ ವಾರಕ್ಕೊಂದು ದಿನ ಥೆರಪಿಸ್ಟ್ ಕಳಿಸಿ, ತುಳು, ಬ್ಯಾರಿ ಬಲ್ಲವರನ್ನು. ಶಿಬಿರದ ವರದಿಯಲ್ಲಿ ಆಪರೇಷನ್ ಲೆಕ್ಕದ ಪಕ್ಕ ಎಷ್ಟು ಮಕ್ಕಳಿಗೆ ಮಾತು ಬಂತು ಎಂದೂ ಬರೆಯಿರಿ. ನಾವೂ ಇನ್ನು ವರ್ಷ ಬಿಟ್ಟು ಆ ಮನೆಗಳಿಗೆ ಹೋಗುತ್ತೇವೆ, ಕ್ಯಾಮೆರಾ ಇಲ್ಲದೆ.