ರಾಜನಿಷ್ಠರ ಪಟ್ಟಿಯಲ್ಲಿ ನಮ್ಮ ಪೂರ್ವಜರು

ವಂಶದ ಹಿರಿಮೆಯನ್ನು ಹೇಳಿಕೊಳ್ಳುವಾಗ ನಾವೆಲ್ಲರೂ ಟಿಪ್ಪು ಸುಲ್ತಾನರ ಸೈನಿಕರ ಮೊಮ್ಮಕ್ಕಳು. ಮೀರ್ ಸಾದಿಕ್‌ನ ಕಡೆಯವರು ಮಾತ್ರ ಯಾರ ಅಜ್ಜನೂ ಅಲ್ಲ! ಉತ್ತರ ಭಾರತದ ಮನೆತನಗಳಲ್ಲಿ 1857ರ ಕಥೆಯೂ ಹೀಗೆಯೇ. ಅಲ್ಲಿ ಎಲ್ಲರ ಪೂರ್ವಜರೂ ಬಂಡೆದ್ದವರೇ. ಹಾಗಿದ್ದರೆ ಬ್ರಿಟಿಷರಿಗೆ ನೆರವಾದವರು ಯಾರು?

ದಾಖಲೆಗಳಿಗೆ ಈ ಸಂಕೋಚವಿಲ್ಲ. ಆ ಸಂಗ್ರಾಮವನ್ನು ಹತ್ತಿಕ್ಕಿದ ಬಳಿಕ ಬ್ರಿಟಿಷರು ಕೆಲವರನ್ನು ಶಿಕ್ಷಿಸಿದರು, ಕೆಲವರಿಗೆ ಬಹುಮಾನವಿತ್ತರು. ಝಜ್ಜರ್‌ನ ನವಾಬ ಅಬ್ದುರ್ರಹ್ಮಾನ್ ಖಾನ್‌ರನ್ನು ಗಲ್ಲಿಗೇರಿಸಲಾಯಿತು. ವಿದ್ವಾಂಸ ಫಝ್ಲೇ ಹಕ್ ಖೈರಾಬಾದಿಯವರು ಅಂಡಮಾನಿನಲ್ಲಿ 1861ರಲ್ಲಿ ಮರಣ ಹೊಂದಿದರು. ಇತ್ತ ಬಹದ್ದೂರ್ ಶಾ ಝಫರ್‌ರ ಬೀಗ ಮಿರ್ಝಾ ಇಲಾಹಿ ಬಖ್ಶ್, ಬಾದಶಹರು ಶರಣಾಗುವಂತೆ ಮಾಡುವಲ್ಲಿ ಬ್ರಿಟಿಷರಿಗೆ ನೆರವಾಗಿ ಪಿಂಚಣಿ ಪಡೆದರು. ಬಹುಮಾನ ಪಡೆದವರು ಮುಸ್ಲಿಮರು ಮಾತ್ರವಲ್ಲ. ಪಟಿಯಾಲ, ಗ್ವಾಲಿಯರ್, ರಾಮಪುರ, ಎಲ್ಲರೂ ಅದರಲ್ಲಿದ್ದಾರೆ. ರಾಜನಿಷ್ಠೆಯಾಗಲಿ ಬಂಡಾಯವಾಗಲಿ ಯಾವ ಸಮುದಾಯದ ಗುತ್ತಿಗೆಯೂ ಆಗಿರಲಿಲ್ಲ.

ಪೂರ್ವಜರನ್ನು ಹುಡುಕುವವರಿಗೆ ಸರ್ ಸೈಯದ್ ಅಹ್ಮದ್ ಖಾನ್‌ರು 1860ರಲ್ಲಿ ಪ್ರಕಟಿಸತೊಡಗಿದ 'ಲಾಯಲ್ ಮೊಹಮ್ಮಡನ್ಸ್ ಆಫ್ ಇಂಡಿಯಾ' ಎಂಬ ಕೃತಿ ಒಂದು ಸಿದ್ಧ ದಾಖಲೆ. ಬ್ರಿಟಿಷರಿಗೆ ನೆರವಾದ ಮುಸ್ಲಿಮರ ಹೆಸರು, ಸೇವೆ, ಪಡೆದ ಬಹುಮಾನ ಅದರಲ್ಲಿವೆ. ಇಂತಹ ಕೃತಿಯೊಂದನ್ನು ಅವರು ಏಕೆ ಬರೆದರು ಎಂಬುದನ್ನು ಮರೆತು ಅದನ್ನು ಓದಲಾಗದು. ಇಡೀ ಸಮುದಾಯವನ್ನು ಸಂಶಯದ ಕಟಕಟೆಯಲ್ಲಿ ನಿಲ್ಲಿಸಲಾಗಿತ್ತು. ನಿಷ್ಠೆಯನ್ನು ಸಾಬೀತುಪಡಿಸಿ ಎಂಬ ಒತ್ತಾಯದ ಮುಂದೆ ಹುಟ್ಟಿದ ಪಟ್ಟಿ ಅದು. ಅಂತಹ ಒತ್ತಾಯ ನಮಗೆ ಅಪರಿಚಿತವೇ?

ಆದ್ದರಿಂದ ನಿಷ್ಠೆಯ ಪ್ರಮಾಣಪತ್ರವೊಂದು ಸಿಕ್ಕಿತೆಂದರೆ ಅಜ್ಜನ ಮನಸ್ಸು ಸಿಕ್ಕಿತೆಂದು ಅರ್ಥವಲ್ಲ. ಬಹುಮಾನದ ಆಸೆಯಿಂದಲೋ ನೇಣಿನ ಭಯದಿಂದಲೋ ಬೇಡಿ ಪಡೆದ ಕಾಗದವದು. ಅದನ್ನು ಎದುರು ಕಡೆಯ ದಾಖಲೆಗಳೊಂದಿಗೆ ಹೋಲಿಸಿ ನೋಡಬೇಕು. ಮುತ್ತಿಗೆಗೊಳಗಾದ ದಿಲ್ಲಿಯಲ್ಲಿ ಜನರು ಬರೆದ ಅರ್ಜಿಗಳು, ಹೊರಟ ಆಜ್ಞೆಗಳು, ಗೂಢಚಾರರ ಪತ್ರಗಳು ಸಾವಿರಾರು ಸಂಖ್ಯೆಯಲ್ಲಿ ಹೊಸದಿಲ್ಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅವುಗಳ ಮುದ್ರಿತ ಪಟ್ಟಿ 1921ರಲ್ಲೇ ಹೊರಬಂದಿದೆ. ಆದರೆ ಅವುಗಳ ಭಾಷೆ ಬಹುಮಟ್ಟಿಗೆ ಪಾರ್ಸಿ ಮತ್ತು ಉರ್ದು, ಕೈಬರಹವೂ ತೊಡಕಿನದು. ಮನೆಮಾತು ಉರ್ದುವೆಂದು ಹೇಳಿಕೊಂಡು ಅದರ ಲಿಪಿಯನ್ನು ಕಲಿಯದವರು ತಮ್ಮ ಅಜ್ಜನ ಅರ್ಜಿಯನ್ನು ಪರರಿಂದ ಓದಿಸಿಕೊಳ್ಳಬೇಕಷ್ಟೆ.

ಬಹುಮಾನದ ಜಮೀನು ಎಲ್ಲಿಂದ ಬಂತು ಎಂಬುದು ಇನ್ನೂ ಕಹಿಯಾದ ಪ್ರಶ್ನೆ. ನೇಣಿಗೇರಿದ ಝಜ್ಜರ್ ನವಾಬನ ನಾರ್ನೌಲ್ ಪ್ರದೇಶ ಪಟಿಯಾಲದ ಮಹಾರಾಜನ ಪಾಲಾಯಿತು. ಬಿಜನೋರ್‌ನಲ್ಲಿ ಇಂಗ್ಲಿಷರ ಪ್ರಾಣ ಉಳಿಸಿದ ಸರ್ ಸೈಯದ್‌ರಿಗೂ ಒಂದು ಮುಸ್ಲಿಮ್ ಮನೆತನದಿಂದ ಕಿತ್ತುಕೊಂಡ ಜಮೀನನ್ನು ನೀಡಲು ಅಧಿಕಾರಿಗಳು ಮುಂದಾದರು. ಅಷ್ಟರಲ್ಲಿ ದಿಲ್ಲಿಯಲ್ಲಿ ಅವರ ಬಂಧುಗಳು ಬ್ರಿಟಿಷ್ ಸೈನಿಕರಿಂದ ಹತರಾಗಿದ್ದರು. ದಿನಗಟ್ಟಲೆ ಅಡಗಿ ಕುಳಿತು ಕುದುರೆಗೆ ಹಾಕುವ ಕಾಳು ತಿಂದು ಬದುಕಿದ ತಾಯಿ, ಮೀರತ್‌ಗೆ ಬಂದ ಕೆಲಕಾಲದಲ್ಲೇ ತೀರಿಕೊಂಡರು. ಅವರು ತಿಂಗಳಿಗೆ 200 ರೂಪಾಯಿಯ ಪಿಂಚಣಿಯನ್ನು ಸ್ವೀಕರಿಸಿದರು, ಜಮೀನನ್ನು ನಿರಾಕರಿಸಿದರು. ರಾಜನಿಷ್ಠರಲ್ಲೂ ಹೀಗೆ ಗೆರೆ ಎಳೆದವರಿದ್ದರು, ಎಳೆಯದವರೂ ಇದ್ದರು.

ಅಜ್ಜ ಮಾಡಿದ್ದಕ್ಕೆ ಮೊಮ್ಮಗ ತಲೆತಗ್ಗಿಸಬೇಕಿಲ್ಲ. ಆದರೆ ಆ ಸನದನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಹುತಾತ್ಮನ ಕಥೆ ಕಟ್ಟುವ ಹಕ್ಕು ಅವನಿಗಿಲ್ಲ. ಅವನು ಕಂದಾಯ ದಾಖಲೆಗಳಲ್ಲಿ ಇನ್ನೂ ಒಂದು ಹೆಸರನ್ನು ಹುಡುಕಲಿ. ಆ ಜಮೀನು ಅದಕ್ಕಿಂತ ಮೊದಲು ಯಾರದಾಗಿತ್ತು? ಅವರ ಮೊಮ್ಮಕ್ಕಳು ಇಂದಿಗೂ ಅದೇ ಜಿಲ್ಲೆಯಲ್ಲಿರಬಹುದು.