ಕಡಲಾಚೆಯ ಮಕ್ಕಳ ದೂರವಾಣಿ ಸಂಕಟ

ಪುತ್ತೂರು ತಾಲೂಕಿನ ಕೆದಂಬಾಡಿಯಂತಹ ಗ್ರಾಮಗಳಿಂದ ಹೊಟ್ಟೆಪಾಡಿಗಾಗಿ ಕೊಲ್ಲಿ ದೇಶಗಳಿಗೆ ತೆರಳಿದ ತರುಣರು ಅನೇಕರಿರುವರು. ದುಬೈಯಲ್ಲಿ ರಾತ್ರಿ ಒಂಬತ್ತಕ್ಕೆ ಕೆಲಸದಿಂದ ಮರಳುವವನಿಗೆ ಊರಿನಲ್ಲಿ ಹತ್ತೂವರೆಯಾಗಿರುತ್ತದೆ. ನಿದ್ದೆಗಣ್ಣಿನಲ್ಲಿ ಕಾದಿರುವ ತಾಯಿಯೊಡನೆ ನಾಲ್ಕು ಮಾತನಾಡೋಣವೆಂದರೆ, ಆಕೆಗೆ ರೂಢಿಯಾದ ವಾಟ್ಸಾಪಿನ ಕರೆ ಅಲ್ಲಿ ನಡೆಯದು. ಸಂಯುಕ್ತ ಅರಬ್ ಸಂಸ್ಥಾನದವರು ಬೋಟಿಮ್ ಮುಂತಾದ ಕೆಲವಕ್ಕೆ ಮಾತ್ರ ಪರವಾನಗಿ ಕೊಟ್ಟಿರುವರು. ಅದನ್ನು ಮುದುಕಿಯ ಫೋನಿಗೂ ಹಾಕಿಸಿ ಕಲಿಸಿಕೊಡಬೇಕು. ಕಲಿಸಬೇಕಾದ ಮಗನೇ ಕಡಲಾಚೆ ಇರುವನಲ್ಲ! ಕೊನೆಗೆ ಸಾಧಾರಣ ದೂರವಾಣಿಯಲ್ಲಿ ನಿಮಿಷಕ್ಕಿಷ್ಟೆಂದು ದುಡಿದ ಹಣವನ್ನು ತೆತ್ತು, ಗಡಿಯಾರವನ್ನು ನೋಡುತ್ತ ಮಾತನಾಡುವುದಾಗಿದೆ.

ದೂರವಾಣಿ ಸಂಸ್ಥೆಗಳ ವರಮಾನಕ್ಕೆ ಕುಂದು ಬಂದೀತೆಂಬ ಶಂಕೆಯೇ ಇದಕ್ಕೆ ಕಾರಣವೆಂದು ನಮಗೆ ತೋರುತ್ತದೆ. ಪರರನ್ನು ದೂರುವ ಮೊದಲು ನಮ್ಮ ಮನೆಯ ಸಂಗತಿಯನ್ನೂ ಹೇಳಬೇಕು. 2002ರ ಮಾರ್ಚ್ ಕೊನೆಯ ವರೆಗೆ ವಿದೇಶ ಕರೆಗಳ ಏಕಸ್ವಾಮ್ಯವನ್ನು ವಿದೇಶ ಸಂಚಾರ ನಿಗಮಕ್ಕೇ ಇತ್ತು, ಅಂತರಜಾಲದ ಮೂಲಕ ಮಾತನಾಡುವುದನ್ನು ನಮ್ಮ ಸರಕಾರದವರೂ ತಡೆದಿದ್ದರು. ಕಟ್ಟು ಸಡಿಲಿಸಿದ ಬಳಿಕ ದರವಿಳಿಯಿತೇ ಹೊರತು ರಾಜ್ಯವೇನೂ ಮುಳುಗಲಿಲ್ಲ. ಸೌದಿಯವರೂ 2017ರಲ್ಲಿ ತಮ್ಮ ನಿಷೇಧವನ್ನು ಸಡಿಲಿಸಿದರು.

ಅರಬ್ ಸಂಸ್ಥಾನದೊಡನೆ ನಮ್ಮ ವ್ಯಾಪಾರ ಒಡಂಬಡಿಕೆಯು 2022ರ ಮೇ 1ರಿಂದ ಜಾರಿಯಲ್ಲಿದೆ. ಆಭರಣಗಳ ಮೇಲಿನ ಸುಂಕವನ್ನು ಬಿಡಿಸಿಕೊಂಡ ದಿಲ್ಲಿಯ ಚತುರರಿಗೆ ಬಡವನ ಮಾತಿನ ಮೇಲಿನ ಸುಂಕವು ಕಾಣದೆ ಹೋಯಿತೆ? ಮುಂದಿನ ಸಂಧಾನದಲ್ಲಿ ಅವರು ಇದನ್ನು ಎತ್ತಲೇಬೇಕು. ಅಲ್ಲಿಯ ತನಕ ಪಂಚಾಯತಿಯವರು ವಾರಕ್ಕೊಂದು ದಿನ ಗ್ರಂಥಾಲಯದಲ್ಲಿ ಬಲ್ಲವರೊಬ್ಬರನ್ನು ಕುಳ್ಳಿರಿಸಿ, ಬರುವ ತಾಯಂದಿರ ಫೋನುಗಳಿಗೆ ಪರವಾನಗಿಯುಳ್ಳ ಸಾಧನವನ್ನು ಹಾಕಿಸಿ ತೋರಿಸಿಕೊಡಲಿ.